ಉಕ್ಕಿನ ಮೇಲಿನ ಬರಹ ಓದಿ, ಆಮೇಲೆ ದುಡ್ಡು ಕೊಡಿ

ಕಳೆದ ಚಳಿಗಾಲದ ಒಂದು ಶನಿವಾರ. ಅಮೆರಿಕದ ಒಹಾಯೊ ರಾಜ್ಯದ ಸಣ್ಣ ಊರೊಂದರಲ್ಲಿ, ಬೇಸಿಗೆಯಲ್ಲಿ ದನದ ಜಾತ್ರೆ ನಡೆಯುವ ತಗಡಿನ ಶೆಡ್ಡಿನೊಳಗೆ ನಾನೂ ನನ್ನ ಅಕ್ಕನ ಮಗನೂ ನಿಂತಿದ್ದೆವು. ಸಾಲು ಸಾಲು ಮೇಜು, ಮೇಜಿನ ಮೇಲೆ ಹಳೆಯ ಬಂದೂಕು, ಬಯೊನೆಟ್ಟು, ಸೈನಿಕರ ಬೆಲ್ಟು, ನೀರಿನ ಬಾಟಲಿ. ಹುಡುಗ ಮೂರನೆಯ ಸಾಲಿನಲ್ಲಿ ತಟ್ಟನೆ ನಿಂತು ನನ್ನನ್ನು ಕರೆದ. "ಮಾವ, ಇಲ್ಲಿ ಬನ್ನಿ. ಇದು ನಮ್ಮ ಅಶೋಕ ಸ್ತಂಭದ ಸಿಂಹ ಅಲ್ವಾ?"

ಹೌದು, ನಮ್ಮದೇ ಸಿಂಹ. ಮರದ ಹಿಡಿಯೂ ಉಕ್ಕಿನ ಮೈಯೂ ಸೇರುವ ಕೊರಳಿನ ಮೇಲೆ ಮೂರು ಮುಖದ ಸಿಂಹ, ಅದರಡಿ ಆರ್‌ಎಫ್‌ಐ ಎಂಬ ಮೂರಕ್ಷರ, ಕೆಳಗೆ 2ಎ1, ಮತ್ತೂ ಕೆಳಗೆ 1967. ಆರ್‌ಎಫ್‌ಐ ಅಂದರೆ ರೈಫಲ್ ಫ್ಯಾಕ್ಟರಿ ಇಷಾಪುರ. ಕೋಲ್ಕತ್ತಾದಿಂದ ಉತ್ತರಕ್ಕೆ, ಹೂಗ್ಲಿ ದಂಡೆಯ ಮೇಲಿರುವ ಕಾರ್ಖಾನೆ.

ಹುಡುಗನಿಗೆ ಹೋದ ವರ್ಷ ಗ್ರೀನ್ ಕಾರ್ಡ್ ಬಂದಿದೆ. ಹಳೆಯ ಸೇನಾ ರೈಫಲ್ ಒಂದನ್ನು ಕೊಳ್ಳಬೇಕೆಂಬ ಆಸೆ ಅವನಿಗೆ ನನ್ನ ಮನೆಯ ಗೋಡೆ ನೋಡಿ ಹುಟ್ಟಿದ್ದು. "ಕಡಿಮೆ ಬೆಲೆಯದ್ದು ಯಾವುದಾದರೂ ಹೇಳಿ, ತಗೊಂಡುಬಿಡ್ತೀನಿ" ಅಂದಿದ್ದ. ಹೊಸಬರೆಲ್ಲ ಕೇಳುವ ಪ್ರಶ್ನೆ ಇದೇ, ಅವರು ದುಡ್ಡು ಕಳೆದುಕೊಳ್ಳುವುದೂ ಇಲ್ಲೇ. ಸೇನೆಯ ಹಳೆಯ ರೈಫಲ್ಲಿನ ಮೈಮೇಲೆ ಅದರ ಜಾತಕವೆಲ್ಲ ಕೊರೆದಿರುತ್ತದೆ. ಮೊದಲು ಕೊಳ್ಳುವ ರೈಫಲ್ ನಮಗೆ ಓದಲು ಬರುವಂಥದ್ದಾಗಿರಬೇಕು. ಬೆಲೆಯ ಮಾತು ಆಮೇಲೆ. ಭಾರತದಿಂದ ಹೋದವನಿಗೆ ಇಷಾಪುರದ ಈ ರೈಫಲ್ಲಿಗಿಂತ ಸುಲಭವಾಗಿ ಓದಿಸಿಕೊಳ್ಳುವ ರೈಫಲ್ ಇನ್ನೊಂದಿಲ್ಲ ಎಂದು ನನ್ನ ಗಟ್ಟಿ ನಂಬಿಕೆ.

ಇಷಾಪುರದ ಸರಕು ಒಹಾಯೊದ ದನದ ಶೆಡ್ಡಿಗೆ ಬಂದದ್ದು ಹೇಗೆ? ಸೇನೆಯೊಂದು ಹೊಸ ಆಯುಧಕ್ಕೆ ಬದಲಾದಾಗ ಹಳೆಯವು ಲಕ್ಷಗಟ್ಟಲೆ ಉಳಿಯುತ್ತವೆ. ಕೆಲವು ಸರಕಾರಗಳು ಕರಗಿಸುತ್ತವೆ, ಕೆಲವು ಮಾರುತ್ತವೆ. ಎರಡನೆಯ ಮಹಾಯುದ್ಧದ ನಂತರ ಯುರೋಪಿನ ಉಗ್ರಾಣಗಳಿಂದ ಹೀಗೆ ಹರಿದುಬಂದ ರೈಫಲ್‌ಗಳು ಅಮೆರಿಕದಲ್ಲಿ ಅಂಚೆಯಲ್ಲೇ ಸಿಗುತ್ತಿದ್ದವು. 1963ರ ಮಾರ್ಚಿನಲ್ಲಿ ಲೀ ಹಾರ್ವೆ ಆಸ್ವಾಲ್ಡ್ ಎಂಬಾತ ಸುಳ್ಳು ಹೆಸರು ಕೊಟ್ಟು ಶಿಕಾಗೋದ ಅಂಗಡಿಯೊಂದರಿಂದ ಇಟಲಿಯ ಹಳೆಯ ಕಾರ್ಕಾನೊ ರೈಫಲ್ ತರಿಸಿಕೊಂಡ. ದುರ್ಬೀನು ಸೇರಿ ಬೆಲೆ 19 ಡಾಲರ್ 95 ಸೆಂಟ್, ಅಂಚೆ ಖರ್ಚು ಬೇರೆ. ಅದೇ ನವೆಂಬರಿನಲ್ಲಿ ಡಲ್ಲಾಸಿನಲ್ಲಿ ಅಧ್ಯಕ್ಷ ಕೆನಡಿಯವರನ್ನು ಕೊಂದದ್ದು ಆ ರೈಫಲ್. ಮುಂದೆ 1968ರ ಕಾಯ್ದೆ ಅಂಚೆ ಮಾರಾಟವನ್ನೂ ಸೇನಾ ಸರಕಿನ ಆಮದನ್ನೂ ನಿಲ್ಲಿಸಿತು. 1984ರಲ್ಲಿ ತಿದ್ದುಪಡಿಯಾಗಿ, ಸಂಗ್ರಹಯೋಗ್ಯ ಹಳೆಯ ರೈಫಲ್‌ಗಳಿಗೆ ಬಂದರಿನ ಬಾಗಿಲು ಮತ್ತೆ ತೆರೆಯಿತು. ಇಷಾಪುರದ ರೈಫಲ್‌ಗಳೂ ಆಮೇಲೆ ಹಡಗೇರಿ ಬಂದವು. ನಳಿಗೆಯ ಮೇಲೆ ಆಮದುದಾರನ ಹೆಸರು, ಊರು ಸಣ್ಣಕ್ಷರದಲ್ಲಿ ಕೊರೆದಿದ್ದರೆ ಅದು ಹಡಗಿನಲ್ಲಿ ಬಂದದ್ದೆಂದು ತಿಳಿಯಬೇಕು. ಆ ಗುರುತು ಇಲ್ಲದವಕ್ಕೆ ಸಂಗ್ರಾಹಕರು ಹೆಚ್ಚು ಬೆಲೆ ಕೊಡುತ್ತಾರೆ.

ಕೊಳ್ಳುವುದು ಯಾರಿಗೆ ಸಾಧ್ಯ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮವರು ಎಡವುವುದು ಇಲ್ಲೇ. ಅಮೆರಿಕದ ಪ್ರಜೆಗಳು, ಗ್ರೀನ್ ಕಾರ್ಡ್ ಇರುವವರು ಅಂಗಡಿಯಲ್ಲಿ 4473 ಎಂಬ ಫಾರಂ ತುಂಬಿ, ಹಿನ್ನೆಲೆ ತಪಾಸಣೆ ಮುಗಿದ ಮೇಲೆ ರೈಫಲ್ ಕೊಳ್ಳಬಹುದು. ಎಚ್1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರು, ಬೇಟೆಯ ಲೈಸೆನ್ಸಿನಂಥ ಕೆಲವೇ ವಿನಾಯಿತಿಗಳನ್ನು ಬಿಟ್ಟರೆ, ಬಂದೂಕು ಇಟ್ಟುಕೊಳ್ಳುವುದೇ ಒಕ್ಕೂಟ ಕಾನೂನಿನಲ್ಲಿ ಅಪರಾಧ. "ನೀವು ನಿಮ್ಮ ಹೆಸರಲ್ಲಿ ತಗೊಳ್ಳಿ, ದುಡ್ಡು ನಾನು ಕೊಡ್ತೀನಿ" ಎಂದು ಗೆಳೆಯ ಕೇಳಿದರೆ ಮುಲಾಜಿಲ್ಲದೆ ಇಲ್ಲ ಅನ್ನಿ. ಇನ್ನೊಬ್ಬರಿಗಾಗಿ ಹಾಗೆ ಕೊಳ್ಳುವುದು ಜೈಲಿಗೆ ದಾರಿ. ರಾಜ್ಯದಿಂದ ರಾಜ್ಯಕ್ಕೂ ಕಾನೂನು ಬೇರೆ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್‌ಗಳಲ್ಲಿ ಇರುವವರು ಅಲ್ಲಿಯ ನಿಯಮವನ್ನು ಪ್ರತ್ಯೇಕವಾಗಿ ನೋಡಲೇಬೇಕು.

ಸಂಗ್ರಹದ ಹುಚ್ಚು ಅಂಟಿಕೊಂಡಿತೆಂದಾದರೆ ಇಪ್ಪತ್ತೊಂದು ತುಂಬಿದವರಿಗೆ ಸಂಗ್ರಾಹಕರ ಲೈಸೆನ್ಸ್ ಒಂದಿದೆ. ಮೂರು ವರ್ಷಕ್ಕೆ 30 ಡಾಲರ್. ಐವತ್ತು ವರ್ಷ ದಾಟಿದ, ಮೂಲರೂಪ ಕೆಡದ ಬಂದೂಕನ್ನು ಅದರ ಬಲದಿಂದ ನೇರ ಮನೆಗೇ ತರಿಸಿಕೊಳ್ಳಬಹುದು. ಬದಲಿಗೆ, ಬಂದದ್ದು ಹೋದದ್ದು ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಡಬೇಕು.

ಊರಿಗೆ ತರಬಹುದೇ ಎಂದು ಪ್ರತಿ ಸಲ ರಜೆಗೆ ಬಂದಾಗಲೂ ಯಾರಾದರೂ ಕೇಳುತ್ತಾರೆ. ಆಗದು. ನಮ್ಮಲ್ಲಿ ತ್ರೀ ನಾಟ್ ತ್ರೀ ಸಹ ಪ್ರೊಹಿಬಿಟೆಡ್ ಬೋರ್. ಸೇನೆ ಮತ್ತು ಪೊಲೀಸರ ಅಳತೆಯ ರೈಫಲ್ ಸಾಮಾನ್ಯ ಲೈಸೆನ್ಸಿಗೆ ಸಿಗುವುದಲ್ಲ. ಅದಕ್ಕಾಗಿಯೇ ಇದೇ ಇಷಾಪುರ, ಇದೇ ಬಗೆಯ ಬೋಲ್ಟ್ ಇಟ್ಟು, ಜನಸಾಮಾನ್ಯರಿಗೆಂದು .315 ರೈಫಲ್ ಮಾಡಿ ಮಾರಿತು. ಕೊಡಗಿನವರಿಗೆ ಆಯುಧ ಕಾಯ್ದೆಯಲ್ಲಿ ಪ್ರತ್ಯೇಕ ವಿನಾಯಿತಿಯಿದೆ. ಬ್ರಿಟಿಷರ ಕಾಲದಿಂದ ಬಂದ ಅದನ್ನು ಕೇಂದ್ರ ಸರಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿದೆ. ಕೈಲು ಮುಹೂರ್ತದ ದಿನ ತೋಕ್ ಪೂ ಮುಡಿದು ದೇವರ ಮುಂದೆ ಒರಗುವ ಆ ಕೋವಿಯನ್ನು ಸಂಗ್ರಹದ ವಸ್ತು ಎಂದು ಕರೆಯಲು ನನಗೆ ಮನಸ್ಸು ಬಾರದು. ಅದು ಮನೆಯ ಸದಸ್ಯ. ನಾನು ಹೇಳುತ್ತಿರುವುದು ಮನೆತನವಿಲ್ಲದ, ಸರಕಾರಗಳು ಕೈಬಿಟ್ಟ ಕೋವಿಗಳ ಮಾತು.

ಮತ್ತೆ ಮೇಜಿಗೆ ಬರೋಣ. ಬೋಲ್ಟಿಗೆ ಪ್ಲಾಸ್ಟಿಕ್ ಪಟ್ಟಿ ಬಿಗಿದಿತ್ತು. ಮೇಳಗಳಲ್ಲಿ ಸುರಕ್ಷತೆಗೆಂದು ಹಾಗೆ ಕಟ್ಟುತ್ತಾರೆ. ಅನುಮತಿ ಕೇಳಿ, ಪಟ್ಟಿ ಕತ್ತರಿಸಲು ಹೇಳಿ, ನಳಿಗೆಯನ್ನು ಸೂರಿನತ್ತ ಹಿಡಿದೇ ಎತ್ತಿಕೊಳ್ಳಬೇಕು. ನಾಲ್ಕು ಕೆ.ಜಿ. ಮೀರಿದ ಭಾರ. ಬೋಲ್ಟ್ ಎಳೆದು, ತೋಟಾ ಇಲ್ಲವೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಾತ್ರಿ ಮಾಡಿಕೊಂಡು ಹುಡುಗನ ಕೈಗೆ ಕೊಟ್ಟೆ. ಮುಂದಕ್ಕೆ ತಳ್ಳುವಾಗ ಕೊನೆಯ ಒಂದಿಂಚಿನಲ್ಲಿ ಸ್ಪ್ರಿಂಗಿನ ಎದುರೊತ್ತು ಸಿಗುತ್ತದೆ. ಲೀ-ಎನ್‌ಫೀಲ್ಡ್ ವಂಶದ ಲಕ್ಷಣ ಅದು: ಮುಚ್ಚುವಾಗಲೇ ಸೂಜಿ ಹೂಡಿಕೊಳ್ಳುತ್ತದೆ, ತೆರೆಯುವಾಗ ಕೈಗೆ ಹಗುರ. ಜೇಮ್ಸ್ ಪ್ಯಾರಿಸ್ ಲೀ ರೂಪಿಸಿದ ಈ ಬೋಲ್ಟ್ 1888ರಿಂದ ಬ್ರಿಟಿಷ್ ಸೇನೆಯ ಕೈಯಲ್ಲಿತ್ತು, ಇಷಾಪುರವೂ ಅದನ್ನೇ .303ರಲ್ಲಿ ಅರ್ಧ ಶತಮಾನ ತಯಾರಿಸಿತು. ಸ್ವಾತಂತ್ರ್ಯಕ್ಕೆ ಮುಂಚಿನವಾದರೆ ಅದೇ ಕೊರಳಿನ ಮೇಲೆ ಕಿರೀಟವೂ ದೊರೆಯ ಹೆಸರಿನ ಮೊದಲಕ್ಷರಗಳೂ ಇರುತ್ತವೆ. ಕಿರೀಟದ ರೈಫಲ್ಲನ್ನೂ ಸಿಂಹದ ರೈಫಲ್ಲನ್ನೂ ಪಕ್ಕಪಕ್ಕ ಇಟ್ಟುಕೊಂಡವನಿಗೆ ನಮ್ಮ ಚರಿತ್ರೆಯ ತಿರುವೊಂದು ಬೆರಳ ತುದಿಗೆ ಸಿಗುತ್ತದೆ.

1962ರಲ್ಲಿ ಚೀನಾದೆದುರು ನಮ್ಮ ಜವಾನರು ಹಿಮದಲ್ಲಿ ಹಿಡಿದು ನಿಂತದ್ದು ಆ .303ನ್ನೇ. ಯುದ್ಧ ಮುಗಿದ ಮೇಲೆ ಸೇನೆ 7.62 ಮಿ.ಮೀ. ತೋಟಾಗೆ ಬದಲಾಯಿತು. ಹೊಸ ಅರೆಸ್ವಯಂಚಾಲಿತ ರೈಫಲ್ ಎಲ್ಲರಿಗೂ ಒದಗುವಷ್ಟು ಬೇಗ ತಯಾರಾಗುವುದು ಸಾಧ್ಯವಿರಲಿಲ್ಲ. ಆಗ ಇಷಾಪುರ ತನಗೆ ಚೆನ್ನಾಗಿ ಗೊತ್ತಿದ್ದ ಹಳೆಯ ಲೀ-ಎನ್‌ಫೀಲ್ಡ್ ಮೈಯನ್ನೇ ಇನ್ನೂ ಗಟ್ಟಿ ಉಕ್ಕಿನಲ್ಲಿ, ಹೊಸ ತೋಟಾಗೆ ಹೊಂದುವಂತೆ ಮಾಡಿತು. ಮೊದಲು 2ಎ, ಸ್ವಲ್ಪದರಲ್ಲೇ 2ಎ1. 2ಎಯ ಹಿಂಗುರಿಯಲ್ಲಿ 2000 ಮೀಟರಿನವರೆಗೆ ಗೆರೆ, 2ಎ1ರಲ್ಲಿ 800ಕ್ಕೆ ಇಳಿಸಿದರು. ಹೊಟ್ಟೆಯಡಿಯ ಮ್ಯಾಗಜೀನ್ ಚೌಕಾಕಾರದ್ದು, ಹನ್ನೆರಡು ತೋಟಾ ಹಿಡಿಯುತ್ತದೆ. .303ರ ಓರೆ ಮ್ಯಾಗಜೀನ್ ನೋಡಿದವರಿಗೆ ಇದು ದೂರದಿಂದಲೇ ಗೊತ್ತಾಗುತ್ತದೆ. ಕೆಲವು ಮಾರಾಟಗಾರರು ಇದನ್ನು ಹಳೆಯ .303 ರೈಫಲ್ಲನ್ನು ಕೊರೆದು ಬದಲಾಯಿಸಿದ್ದು ಎನ್ನುತ್ತಾರೆ. ಅದು ತಪ್ಪು. ಇದು ಹೊಸದಾಗಿಯೇ ಮಾಡಿದ್ದು. ಇಷ್ಟು ತಿಳಿದಿದ್ದರೆ ಚೌಕಾಸಿಯಲ್ಲಿ ನಿಮ್ಮ ಕೈ ಮೇಲಾಗುತ್ತದೆ.

ಹುಡುಗನಿಗೆ ಮೊದಲು ತೋರಿಸಿದ್ದು ನಂಬರುಗಳನ್ನು. ಮೈಯ ಮೇಲಿನ ನಂಬರೂ ಬೋಲ್ಟಿನ ಹಿಡಿಯ ಹಿಂಬದಿಯ ನಂಬರೂ ಒಂದೇ ಆಗಿರಬೇಕು. ಇದರ ಮಹತ್ವ ಬರಿಯ ಬೆಲೆಯದ್ದಲ್ಲ. ಬೋಲ್ಟ್ ಮುಚ್ಚಿದಾಗ ತೋಟಾದ ಹಿಂಬದಿಗೆ ಎಷ್ಟು ಎಡೆ ಉಳಿಯುತ್ತದೆ ಎಂಬುದನ್ನು ಆಯಾ ರೈಫಲ್ಲಿಗೆ ಆಯಾ ಬೋಲ್ಟ್ ಕೂರಿಸಿ ಕಾರ್ಖಾನೆಯಲ್ಲಿ ಹೊಂದಿಸಿರುತ್ತಾರೆ, ಹೆಡ್‌ಸ್ಪೇಸ್ ಅನ್ನುತ್ತಾರೆ. ಯಾವುದೋ ಬೋಲ್ಟ್ ಯಾವುದಕ್ಕೋ ಹೊಕ್ಕು ಎಡೆ ಹೆಚ್ಚಾದರೆ ಹಿತ್ತಾಳೆಯ ತೋಟಾ ಹಿಂಬದಿಯಲ್ಲಿ ಹರಿದು, ಬಿಸಿ ಅನಿಲ ಮುಖಕ್ಕೆ ರಾಚುತ್ತದೆ. ನಂಬರು ಕೂಡಿದರೂ ಗುಂಡು ಹಾರಿಸುವ ಮೊದಲು ಗನ್‌ಸ್ಮಿತ್ ಹತ್ತಿರ ಗೇಜ್ ಹಾಕಿಸಿ ನೋಡಲೇಬೇಕು. ಗೋ ಎಂಬ ಗೇಜಿನ ಮೇಲೆ ಬೋಲ್ಟ್ ಮುಚ್ಚಬೇಕು, ನೋ-ಗೋ ಮೇಲೆ ಮುಚ್ಚಬಾರದು. ಇದಕ್ಕೆ ಕೊಡುವ ಸ್ವಲ್ಪ ಹಣದಲ್ಲಿ ಜಿಪುಣತನ ಮಾಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ತೋಟಾದ ವಿಷಯವೂ ಹಾಗೆಯೇ. 2ಎ1 ಮಾಡಿದ್ದು ಸೇನೆಯ 7.62 ತೋಟಾಗೆ. ಅಂಗಡಿಯ .308 ವಿಂಚೆಸ್ಟರ್ ನೋಡಲು ಅದರ ಅವಳಿಯಂತಿದ್ದರೂ ಅದರ ಕೆಲವು ಲೋಡುಗಳ ಒತ್ತಡ ಜಾಸ್ತಿ. ಬೇಟೆಯ ಬಿಸಿ ಲೋಡುಗಳನ್ನು ಇದಕ್ಕೆ ತುಂಬಬೇಡಿ.

ಆಮೇಲೆ ನೋಡಿದ್ದು ಡಿಪಿ ಅಕ್ಷರ ಎಲ್ಲಾದರೂ ಇದೆಯೇ ಎಂದು. ಕಾಲೇಜಿನ ದಿನಗಳಲ್ಲಿ ಹಾಸನದಲ್ಲಿ ಎನ್‌ಸಿಸಿ ಕವಾಯತು ಮಾಡಿದ ನನಗೆ ಆ ಎರಡಕ್ಷರ ಹಳೆಯ ಪರಿಚಯ. ಬೆಳಗಿನ ಮಂಜಿನಲ್ಲಿ ಸಲಾಮಿ ಶಸ್ತ್ರ, ಬಾಜು ಶಸ್ತ್ರ ಎಂಬ ಕೂಗಿಗೆ ನಾವು ಎತ್ತಿ ಇಳಿಸುತ್ತಿದ್ದ .303ಗಳೆಲ್ಲ ಡಿಪಿಯವೇ. ಡ್ರಿಲ್ ಪರ್ಪಸ್, ಅಂದರೆ ಕವಾಯತಿಗೆ ಮಾತ್ರ. ಗುಂಡು ಹೊಡೆಯಲು ನಾಲಾಯಕ್ಕು ಎಂದು ಸೇನೆಯೇ ಬರೆದುಕೊಟ್ಟ ಷರಾ. ಮಾರುಕಟ್ಟೆಯಲ್ಲಿ ಅವು ತೀರಾ ಅಗ್ಗಕ್ಕೆ ಸಿಗುತ್ತವೆ. ಗೋಡೆಗೆ ತೂಗುಹಾಕುವುದಾದರೆ ಧಾರಾಳವಾಗಿ ಕೊಳ್ಳಿ. ಬಣ್ಣ ಕೆರೆದು, ಬಿಡಿಭಾಗ ಬದಲಿಸಿ "ಸರಿಮಾಡಿದ್ದೇವೆ" ಎಂದರೆ ನಂಬಬೇಡಿ. ಮುಂಗಟ್ಟಿಗೆ ತಾಮ್ರದ ತಂತಿ ಒತ್ತಾಗಿ ಸುತ್ತಿದ ಇಷಾಪುರ ರೈಫಲ್‌ಗಳೂ ಕಾಣಸಿಗುತ್ತವೆ. ಅವು ಗ್ರೆನೇಡ್ ಎಸೆಯಲು ಇಟ್ಟುಕೊಂಡಿದ್ದವು. ಅಷ್ಟು ಕಸುವು ತಿಂದ ಮೈ ಹೊಸಬರಿಗೆ ಬೇಡ.

ನಳಿಗೆಯೊಳಗೆ ಹಿಂದಿನಿಂದ ಸಣ್ಣ ಟಾರ್ಚ್ ಬಿಟ್ಟು ಮುಂದಿನಿಂದ ಕಣ್ಣಿಟ್ಟೆವು. ಸುರುಳಿ ತೋಡುಗಳ ಅಂಚು ಚೂಪಾಗಿ, ಬೆಳಕು ಒಂದೇ ಸಮನೆ ಸುತ್ತಿ ಬಂದರೆ ಒಳ್ಳೆಯದು. ಬರಿಯ ಕಪ್ಪಾಗಿದ್ದರೆ ತೊಡಕಿಲ್ಲ, ಎಷ್ಟೋ ಸಲ ತೊಳೆದರೆ ಹೋಗುತ್ತದೆ. ಚುಕ್ಕಿ ಚುಕ್ಕಿಯಾಗಿ ತಿಂದಿದ್ದರೆ ಹೋಗದು. ಬಾಯಿಯ ಅಂಚನ್ನು ಸುತ್ತಲೂ ನೋಡಬೇಕು. ಒಂದು ಪಕ್ಕದಲ್ಲಿ ಮಾತ್ರ ಸವೆದು ಹಳ್ಳವಾಗಿದ್ದರೆ ಅದು ಶುಚಿಮಾಡುವ ಹಗ್ಗವನ್ನು ವರ್ಷಗಟ್ಟಲೆ ಓರೆಯಾಗಿ ಎಳೆದ ಗುರುತು. ಗುಂಡು ನಳಿಗೆ ಬಿಡುವ ಕೊನೆಯ ಜಾಗ ಅದು, ಅಲ್ಲಿ ಸವೆದರೆ ಗುರಿ ಚದುರುತ್ತದೆ. ಮರದಲ್ಲಿ, ಮುಂಗಟ್ಟಿನ ಹಿಂತುದಿ ಉಕ್ಕಿಗೆ ಒತ್ತುವಲ್ಲಿ ಸೀಳು ಬಿಟ್ಟಿದೆಯೇ ನೋಡಿ. ಮುಂಗಟ್ಟಿನ ಅಡ್ಡಕ್ಕೆ ಒಂದು ಸ್ಕ್ರೂ ಹಾಯ್ದಿದ್ದರೆ ಗಾಬರಿಯಾಗಬೇಕಿಲ್ಲ. ಮರ ಸೀಳದಿರಲೆಂದು ಇಷಾಪುರದವರೇ ಹಾಕಿದ್ದು, ಸಂಗ್ರಾಹಕರು ಅದನ್ನು ಇಷಾಪುರ ಸ್ಕ್ರೂ ಎಂದೇ ಕರೆಯುತ್ತಾರೆ.

ಇಷ್ಟನ್ನು ನಾನು ಕಲಿತದ್ದು ಕಳೆದುಕೊಂಡ ಮೇಲೆ. 2009ರಲ್ಲಿ ನನ್ನ ಮೊದಲ ರೈಫಲ್ ಕೊಂಡೆ: ರಷ್ಯದ ಮೋಸಿನ್-ನಾಗಾಂಟ್, 91/30 ಮಾದರಿ. 1891ರಲ್ಲಿ ಹುಟ್ಟಿದ ಈ ರೈಫಲ್ ಮೂರು ಕೋಟಿಗೂ ಮೀರಿ ತಯಾರಾಗಿದೆ. ಆಗ ನೂರು ಡಾಲರಿನ ಒಳಗೆ ಸಿಗುತ್ತಿತ್ತು, ಅಂಗಡಿಯಲ್ಲಿ ಸೌದೆಯಂತೆ ಜೋಡಿಸಿಟ್ಟಿದ್ದರು. ಮೈತುಂಬ ಕಾಸ್ಮೊಲೀನ್ ಎಂಬ ಕಂದು ಜಿಡ್ಡು. ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬಿಸಿಲಿಗಿಟ್ಟರೆ ಮರದೊಳಗಿನಿಂದ ಅದು ಬೆವರಿನಂತೆ ಇಳಿಯುತ್ತದೆ. ಎರಡು ದಿನ ಒರೆಸಿದೆ. 440 ತೋಟಾ ಇರುವ ಸೋವಿಯತ್ ಕಾಲದ ಮೊಹರು ಮಾಡಿದ ತಗಡಿನ ಡಬ್ಬಿಯೂ ಅಗ್ಗವಾಗಿಯೇ ಸಿಕ್ಕಿತು. "ಹೊಡೆದ ಮೇಲೆ ಸ್ವಲ್ಪ ಎಣ್ಣೆ ಸವರಿದರೆ ಸಾಕು" ಎಂದ ಅಂಗಡಿಯವನ ಮಾತು ನಂಬಿ, ಎಣ್ಣೆ ಸವರಿ, ಜುಲೈನ ಸೆಕೆಯಲ್ಲಿ ವಾರ ಇಟ್ಟೆ. ತೆರೆದು ನೋಡಿದರೆ ನಳಿಗೆಯೊಳಗೆ ಕಂದು ತುಪ್ಪಳ. ಎಪ್ಪತ್ತು ವರ್ಷ, ಒಂದು ಮಹಾಯುದ್ಧ ದಾಟಿ ಬಂದ ನಳಿಗೆ ನನ್ನ ಕೈಯಲ್ಲಿ ಏಳು ದಿನಕ್ಕೆ ಹಾಳಾಯಿತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಕಾರಣ ಉಪ್ಪು. ಹಳೆಯ ಸೇನಾ ತೋಟಾಗಳ ಕೇಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತದೆ. ಉರಿದ ಮೇಲೆ ಅದು ಪೊಟ್ಯಾಸಿಯಂ ಕ್ಲೋರೈಡ್ ಆಗಿ ನಳಿಗೆಯ ಒಳಮೈಗೆ ಅಂಟುತ್ತದೆ. ನಮ್ಮ ಅಡುಗೆಮನೆಯ ಉಪ್ಪು ಮಳೆಗಾಲದಲ್ಲಿ ಹೇಗೆ ಒದ್ದೆಯಾಗುತ್ತದೋ ಹಾಗೆ ಗಾಳಿಯ ತೇವವನ್ನು ಎಳೆದುಕೊಂಡು ಉಕ್ಕನ್ನು ತಿನ್ನುತ್ತದೆ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಕರಗುತ್ತದೆ. ಆದ್ದರಿಂದ ಹೊಡೆದ ದಿನವೇ ಕುದಿನೀರು ಹೊಯ್ದು ತೊಳೆದು, ಒಣಗಿಸಿ, ಆಮೇಲೆ ಎಣ್ಣೆ. ಅದೇ ಮೋಸಿನ್ ಈಗ ಅಷ್ಟು ಅಗ್ಗವಿಲ್ಲ. ರಷ್ಯದ ಸರಕಿನ ಮೇಲೆ ನಿರ್ಬಂಧಗಳು ಬಂದು, 2021ರಲ್ಲಿ ರಷ್ಯದ ತೋಟಾಗಳ ಹೊಸ ಆಮದಿಗೂ ತಡೆಬಿದ್ದ ಮೇಲೆ ನೂರರ ರೈಫಲ್ ಹಲವು ನೂರಕ್ಕೇರಿತು. ರೈಫಲ್ ಕೊಳ್ಳುವ ಮುಂಚೆ ಅದರ ತೋಟಾ ಎಲ್ಲಿ ಸಿಗುತ್ತದೆ, ಎಷ್ಟಕ್ಕೆ ಸಿಗುತ್ತದೆ ಎಂದು ನೋಡಿ. ಆಸ್ಟ್ರಿಯ ವಂಶದ ಎಂ95ನಂಥವು ಚೆಂದ, ತೋಟಾ ಹುಡುಕುವುದೇ ಪಾಡು.

ಬೇರೆ ರೈಫಲ್‌ಗಳಿಗೂ ಅವುಗಳದೇ ಲಿಪಿಯಿದೆ. ಜಪಾನಿನ ಅರಿಸಾಕಾ ಮೇಲೆ ಚಕ್ರವರ್ತಿಯ ಸೇವಂತಿಗೆ ಹೂ ಕೊರೆದಿರುತ್ತದೆ. ಶರಣಾಗತಿಯಲ್ಲಿ ಒಪ್ಪಿಸಿದ ರೈಫಲ್‌ಗಳ ಹೂವನ್ನು ಉಜ್ಜಿ ಅಳಿಸಿರುತ್ತಾರೆ. ಹೂ ಹಾಗೇ ಉಳಿದಿದ್ದರೆ ಬಹುಮಟ್ಟಿಗೆ ರಣರಂಗದಿಂದ ಯಾರೋ ಹೊತ್ತು ತಂದದ್ದು. ಅಮೆರಿಕದ್ದೇ ಎಂ1 ಗರಾಂಡ್ ಬೇಕೆಂದರೆ ಸಿವಿಲಿಯನ್ ಮಾರ್ಕ್ಸ್‌ಮನ್‌ಶಿಪ್ ಪ್ರೋಗ್ರಾಂ ಎಂಬ ಸಂಸ್ಥೆಯ ಮೂಲಕ ಸಿಗುತ್ತದೆ, ಆದರೆ ಪ್ರಜೆಗಳಿಗೆ ಮಾತ್ರ, ಮತ್ತು ಅದನ್ನೀಗ ಅಗ್ಗ ಎನ್ನಲಾಗದು. ನನ್ನ ಮನಸ್ಸು ಕರಗಿಸಿದ್ದು ಸ್ವಿಟ್ಜರ್ಲೆಂಡಿನ ಕೆ31. ಹಿಡಿಯ ಹಿಂಬದಿಯ ಉಕ್ಕಿನ ತಟ್ಟೆ ಬಿಚ್ಚಿದರೆ ಕೆಲವುಗಳೊಳಗೆ ಮಡಿಸಿದ ಚೀಟಿಯಿರುತ್ತದೆ: ಅದನ್ನು ಹೊತ್ತ ಸೈನಿಕನ ಹೆಸರು, ಹುಟ್ಟಿದ ವರ್ಷ, ಊರು. ಸ್ವಿಸ್ ಸೈನಿಕ ರೈಫಲ್ಲನ್ನು ಮನೆಯಲ್ಲೇ ಇಟ್ಟುಕೊಳ್ಳುತ್ತಿದ್ದ. ನನ್ನ ಕೆ31ರ ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದ ಹೆಸರು ಅರ್ಧ ಮಾಸಿದೆ. ಓದಿದ ಮೇಲೆ ಅದನ್ನು ಇದ್ದ ಹಾಗೇ ಮಡಿಸಿ ಒಳಗಿಟ್ಟೆ.

ಹೀಗಾಗಿಯೇ ನಾನು ಹೊಸಬರ ಕೈ ಹಿಡಿದು ಬೇಡುವುದು ಒಂದನ್ನೇ. ಮರವನ್ನು ಮರಳುಕಾಗದದಲ್ಲಿ ಉಜ್ಜಿ ಹೊಳಪಿಸಬೇಡಿ, ಉಕ್ಕಿಗೆ ಹೊಸ ಬಣ್ಣ ಬಳಿಯಬೇಡಿ, ದುರ್ಬೀನು ಕೂರಿಸಲು ತೂತು ಕೊರೆಯಬೇಡಿ. ಯುದ್ಧದ ನಂತರದ ದಶಕಗಳಲ್ಲಿ ಬೇಟೆಗೆ ಹಗುರಾಗಲೆಂದು ಸಾವಿರಾರು ಎನ್‌ಫೀಲ್ಡ್, ಮೌಸರ್‌ಗಳ ಮರವನ್ನು ಗರಗಸದಲ್ಲಿ ಕತ್ತರಿಸಿದರು. ಅವು ಇಂದು ಅರ್ಧ ಬೆಲೆಗೂ ಹೋಗುವುದಿಲ್ಲ, ಕತ್ತರಿಸಿದ ಮರದ ಜೊತೆ ಅದರ ಮೇಲಿದ್ದ ಮುದ್ರೆಗಳೂ ಹೋದವು. ಮರದ ಮೇಲಿನ ಕಚ್ಚು, ಯಾರೋ ಜವಾನ ಮೊಳೆಯಿಂದ ಕೆತ್ತಿದ ಅಂಕಿ, ಎಣ್ಣೆಗೈಯ ಕಪ್ಪು, ಎಲ್ಲವೂ ಅದರ ಕತೆಯೇ.

ಮೇಜಿನವನು ಹೇಳಿದ ಬೆಲೆ ಕೆಲವು ನೂರು ಡಾಲರ್. ನಂಬರು ಕೂಡಿತ್ತು, ಡಿಪಿ ಇರಲಿಲ್ಲ, ಮರದಲ್ಲಿ ಸೀಳಿರಲಿಲ್ಲ, ನಳಿಗೆ ಸ್ವಲ್ಪ ಕಪ್ಪಾಗಿದ್ದರೂ ಗೆರೆ ಗಟ್ಟಿಯಾಗಿತ್ತು. ಮೂತಿಯ ಒಂದು ಕಡೆ ಮಾತ್ರ ತುಸು ಸವೆತ. ಅದನ್ನು ತೋರಿಸಿ ಐವತ್ತು ಇಳಿಸಿದೆವು. ಹುಡುಗ ಫಾರಂ ತುಂಬಿದ, ತಪಾಸಣೆಯ ಉತ್ತರ ಬರುವವರೆಗೆ ಕಾಫಿ ಕುಡಿದೆವು. ಮನೆಗೆ ತಂದೊಡನೆ ಬೋಲ್ಟ್ ತೆಗೆದು ಬೇರೆ ಕಡೆ ಇಟ್ಟು, ಮೈಗೆ ಬೀಗ ಹಾಕುವ ಕಬ್ಬಿಣದ ಕಪಾಟು ತೋರಿಸಿದೆ. ಮನೆಯಲ್ಲಿ ಚಿಕ್ಕ ಮಗುವಿದೆ.

ಬೀಗ ಹಾಕುವ ಮೊದಲು ಹಿಡಿಯ ಹಿಂಬದಿಯ ತಟ್ಟೆಯಲ್ಲಿದ್ದ ಸಣ್ಣ ಬಾಗಿಲನ್ನು ಉಗುರಿನಿಂದ ಮೀಟಿದೆ. ಒಳಗೆ ಎಣ್ಣೆಯ ಪುಟ್ಟ ಬಾಟಲಿ, ಅದರ ಮೇಲೆ ಸುರುಳಿ ಸುತ್ತಿದ ಹಗ್ಗ, ಹಗ್ಗದ ತುದಿಗೆ ಹಿತ್ತಾಳೆಯ ತೂಕ.

"ಇದೇನು ಮಾವ?"

"ಫುಲ್‌ತ್ರು. ನಮ್ಮ ಹವಾಲ್ದಾರರು ಹಾಗೇ ಕರೀತಿದ್ದಿದ್ದು. ಒಂದು ಚಿಂದಿ ಬಟ್ಟೆ ತಾ, ನಾಲ್ಕಿಂಚು ಉದ್ದ, ಎರಡಿಂಚು ಅಗಲ."

ತೂಕವನ್ನು ಹಿಂದಿನಿಂದ ನಳಿಗೆಯೊಳಗೆ ಇಳಿಬಿಟ್ಟೆ. ಟಿಣ್ ಎಂದು ಮುಂದೆ ಹೊರಬಂತು. ಹುಡುಗ ಹಗ್ಗವನ್ನು ಕೈಗೆ ಸುತ್ತಿಕೊಂಡು ಕೆಳಮುಖವಾಗಿ ಎಳೆಯಹೊರಟ. ಹಗ್ಗ ಮೂತಿಯ ಅಂಚಿಗೆ ಒರೆಸುವಷ್ಟರಲ್ಲಿ, ಅದೇ ಸವೆದ ಪಕ್ಕದಲ್ಲಿ, ಅವನ ಮಣಿಕಟ್ಟು ಹಿಡಿದು ನಿಲ್ಲಿಸಿದೆ. ನಳಿಗೆಯ ನೇರಕ್ಕೆ ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲು ಅಂದೆ. ಸರಿದು ನಿಂತು ಎಳೆದ. ಚಿಂದಿ ಕಪ್ಪಾಗಿ ಹೊರಬಂತು. ಇನ್ನೊಂದು ಕತ್ತರಿಸಿ ಕೊಟ್ಟೆ.